14 ಹಲ್ಲಿನ ಬ್ಲೇಡಿನಿಂದ 6 ಹಲ್ಲಿನದಕ್ಕೆ: ಕೊಂಬಿನ ಬಾಚಣಿಗೆ, ಮೂರನೇ ತಿಂಗಳು

ಮೊನ್ನೆ ಭಾನುವಾರ ಬಾಚಣಿಗೆಗೆ ಅಂತ ಕೋಣದ ಕೊಂಬಿನ ಗಟ್ಟಿ ತುದಿಯಿಂದ 5 ಮಿ.ಮೀ. ದಪ್ಪದ ನಾಲ್ಕು ಪಟ್ಟಿ ಇಳಿಸಿದೆ. ಹೊಗೆ ಬರಲಿಲ್ಲ, ನಾತ ಬರಲಿಲ್ಲ, ಬ್ಲೇಡು ಓರೆ ಹೋಗಲಿಲ್ಲ. ಇಷ್ಟಕ್ಕೆ ಮೂರು ತಿಂಗಳು, ನಾಲ್ಕು ಬ್ಲೇಡು, ಗರಗಸದ ಚಕ್ರದ ಒಂದು ಜೊತೆ ರಬ್ಬರ್ ಟೈರು ಹೋಗಿವೆ. ಪಕ್ಕದ ಮನೆ ಆಂಟಿಗೆ ನನ್ನ ಮೇಲಿದ್ದ ಒಳ್ಳೆ ಅಭಿಪ್ರಾಯವೂ ಹೋಗಿದೆ.

ಕೊಂಬು ಕುದಿಸುವುದು, ಒಳಗಿನ ಎಲುಬು ಕಳಚುವುದು, ಒಣಗಿಸುವುದು ನಿಮಗೆಲ್ಲ ಗೊತ್ತಿರುವುದೇ, ಬಿಡಿ. ರಾಜಾಜಿನಗರದ ನಮ್ಮ ತಾರಸಿ ರೂಮಿನಲ್ಲಿರುವುದು 8 ಇಂಚಿನ ಚಕ್ರದ ಪುಟ್ಟ ಬ್ಯಾಂಡ್‌ಸಾ, ಅಂದರೆ ಎರಡು ಚಕ್ರದ ಮೇಲೆ ಬಳೆಯಂಥ ಬ್ಲೇಡು ಸುತ್ತುವ ಗರಗಸ. 1400 ಮಿ.ಮೀ. ಬ್ಲೇಡು, ಒಂದೇ ಸ್ಪೀಡು, ಅದೂ ಮರಕ್ಕೆ ಇಟ್ಟ ಸ್ಪೀಡು.

ಕೊಂಬು ಗಟ್ಟಿ ವಸ್ತು, ಕೊಯ್ದ ಮುಖ ನುಣ್ಣಗಿರಬೇಕು, ಹಾಗಾಗಿ ಹಲ್ಲು ಸಣ್ಣದಿರಲಿ ಅಂದುಕೊಂಡು ಇಂಚಿಗೆ 14 ಹಲ್ಲಿನ ಬ್ಲೇಡು ಹಾಕಿದೆ. ಎರಡು ಇಂಚು ಹೋಗುವಷ್ಟರಲ್ಲಿ ಹೊಗೆ ಎದ್ದಿತು. ಬ್ಲೇಡು ಒಳಗೇ ಬಾಗಿ, ಕೊಯ್ದ ಮುಖ ದೋಣಿ ಹೊಟ್ಟೆಯ ಹಾಗೆ ಉಬ್ಬಿತು. ಮೆಷಿನ್ ನಿಲ್ಲಿಸಿ ನೋಡಿದರೆ ಹಲ್ಲೇ ಕಾಣುತ್ತಿಲ್ಲ. ಹಲ್ಲುಗಳ ಸಂದಿಯೆಲ್ಲ ಕಪ್ಪು ಅಂಟು ತುಂಬಿ, ಹಲಸಿನಹಣ್ಣು ಬಿಡಿಸಿದ ಚಾಕುವಿನ ಹಾಗಾಗಿತ್ತು. ಕಾಂಪೌಂಡ್ ಆಚೆಯಿಂದ ಆಂಟಿ, "ಏನಪ್ಪಾ, ಯಾರಾದ್ರೂ ಕೂದ್ಲು ಸುಡ್ತಿದೀರಾ?" ಅಂದರು. ಒಂದರ್ಥದಲ್ಲಿ ಹೌದು. ಕೊಂಬೂ ಕೂದಲೂ ಉಗುರೂ ಒಂದೇ, ಕೆರಾಟಿನ್ ಅನ್ನುವ ಪ್ರೋಟೀನು. ಬಿಸಿಯಾದರೆ ಮೆತ್ತಗಾಗುತ್ತದೆ. ಬಾಚಣಿಗೆ ಮಾಡುವವರು ಕೊಂಬನ್ನು ಕಾಯಿಸಿ ಚಪ್ಪಟೆ ಮಾಡುವುದು ಇದೇ ಗುಣದಿಂದ. ಬ್ಲೇಡಿಗೆ ಅಂಟು ಹಿಡಿಯುವುದೂ ಇದೇ ಗುಣದಿಂದ.

ಹಲಸು ನೆನಪಾದ ಮೇಲೆ ಕೈ ಸುಮ್ಮನಿರುತ್ತದೆಯೇ? ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಬ್ಲೇಡಿಗೆ ಸವರಿದೆ. ದಯವಿಟ್ಟು ಯಾರೂ ಮಾಡಬೇಡಿ. ಪುಡಿಯೆಲ್ಲ ಎಣ್ಣೆ ಕುಡಿದು ಕೆಸರಾಯಿತು, ಎಣ್ಣೆ ಚಕ್ರದ ರಬ್ಬರಿಗೆ ಹತ್ತಿತು, ಬ್ಲೇಡು ಜಾರಿ ಬಿತ್ತು. ಟೈರು ಲೆಕ್ಕಕ್ಕೆ ಸೇರಿದ್ದು ಹೀಗೆ.

ಮುಂದಿನ ಶನಿವಾರ ಬೇರೆ ಬ್ಲೇಡು ಕೊಳ್ಳಲು ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಹಲ್ಲಿನ ಬಗ್ಗೆ ಏನನ್ನೂ ಕೇಳಲಿಲ್ಲ. "ಸಾರ್, ಬೈಮೆಟಲ್ ತಗೊಳ್ಳಿ, ಕೋಬಾಲ್ಟ್ ಇರತ್ತೆ. ಕಬ್ಬಿಣಾನೇ ಕುಯ್ಯತ್ತೆ, ಕೊಂಬು ಯಾವ ಲೆಕ್ಕ?" ಅಂದರು. ಬೈಮೆಟಲ್ ಅಂದರೆ ಹಲ್ಲಿಗೊಂದು ಉಕ್ಕು, ಬೆನ್ನಿಗೊಂದು ಉಕ್ಕು. ಹಲ್ಲಿನ ಮಟ್ಟಿಗೆ ಅವರು ಹೇಳಿದ್ದು ನಿಜ. ಆದರೆ ಆ ಬ್ಲೇಡಿನ ಬೆನ್ನು 0.64 ಮಿ.ಮೀ. ದಪ್ಪ. ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲೊಂದು ಭಾಗ ಮೀರಬಾರದು ಅನ್ನುವ ಹಳೇ ಲೆಕ್ಕ ಹಾಕಿದರೆ ನನ್ನ 200 ಮಿ.ಮೀ. ಚಕ್ರಕ್ಕೆ 0.2 ಸಾಕು. ಸಣ್ಣ ಮೆಷಿನ್‌ಗಳಿಗೆ ಸಿಗುವ 0.36ರ ಕಾರ್ಬನ್ ಬ್ಲೇಡೇ ಆ ಲೆಕ್ಕ ಮೀರುತ್ತದೆ, ಆಯಸ್ಸು ಸ್ವಲ್ಪ ಕಡಿಮೆ ಅಷ್ಟೆ. 0.64 ಅಂದರೆ ಪ್ರತಿ ಸುತ್ತಿಗೂ ತಂತಿಯನ್ನು ಬಗ್ಗಿಸಿ ನೆಟ್ಟಗೆ ಮಾಡಿದ ಹಾಗೆ. ಮುಕ್ಕಾಲು ಗಂಟೆಯೂ ಬಾಳಲಿಲ್ಲ. ತುಂಡಾದದ್ದು ವೆಲ್ಡಿಂಗ್ ಹತ್ತಿರ ಅಲ್ಲ, ಹಲ್ಲಿನ ಬುಡದಲ್ಲಿ ಬಿರುಕು ಬಿಟ್ಟು. ಅದಕ್ಕೂ ಮೊದಲು ಅವರೇ 1400ರ ಬದಲು 1440ಕ್ಕೆ ಜಾಯಿಂಟ್ ಮಾಡಿ ಕೊಟ್ಟಿದ್ದರು. ಟೆನ್ಷನ್ ತಿರುಪು ಕೊನೆ ಮುಟ್ಟಿದರೂ ಬ್ಲೇಡು ಬಟ್ಟೆ ಒಣಗಿಸೋ ಹಗ್ಗದ ಹಾಗೆ ನೇತಾಡುತ್ತಿತ್ತು. ವಾಪಸ್ ಒಯ್ದರೆ, "ನೀವೇ ಹಂಗ್ ಹೇಳಿದ್ರಿ ಸಾರ್!"

ಶಿವಾಜಿನಗರದ ಮಟನ್ ಅಂಗಡಿಯಲ್ಲಿ ಎಲುಬು ಕೊಯ್ಯುವ ಬ್ಯಾಂಡ್‌ಸಾ ನೋಡಿ ಅದೇ ಬ್ಲೇಡಿಗೂ ಆಸೆಪಟ್ಟಿದ್ದೆ. ಅದು 16 ಮಿ.ಮೀ. ಅಗಲ, ನನ್ನ ಚಕ್ರದ ಮೇಲೆ ಕೂರುವುದೇ ಇಲ್ಲ. ಅವರ ಎಲುಬು ಹಸಿ, ನಾನು ಕೊಯ್ಯುವುದು ಒಣಗಿ ಕಲ್ಲಾದದ್ದು.

ಕೊನೆಗೆ ದಾರಿ ತೋರಿಸಿದ್ದು ಪೀಣ್ಯದಲ್ಲಿ ಬ್ಲೇಡು ವೆಲ್ಡ್ ಮಾಡುವ ಒಬ್ಬ ಯಜಮಾನರು. ಅಂಟು ಹಿಡಿದ ನನ್ನ ಹಳೇ ಬ್ಲೇಡನ್ನು ಉಗುರಿನಿಂದ ಕೆರೆದು ನೋಡಿ, "ಪುಡಿ ಹೋಗಕ್ಕೆ ಜಾಗ ಎಲ್ಲಿದೆ ಇದ್ರಲ್ಲಿ?" ಅಂದರು. ಅಷ್ಟೇ ಮಾತು. 38 ಮಿ.ಮೀ. ಗಟ್ಟಿ ಕೊಂಬಿನೊಳಗೆ 14ರ ಬ್ಲೇಡಿನ 20 ಹಲ್ಲು ಒಟ್ಟಿಗೆ ಸಿಕ್ಕಿಕೊಂಡಿರುತ್ತವೆ. ಪುಡಿ ಆಚೆ ಬರುವ ಮೊದಲೇ ಸಂದಿ ತುಂಬಿ, ಆಮೇಲೆ ಬರೀ ಉಜ್ಜಾಟ. ಉಜ್ಜಿದರೆ ಬಿಸಿ, ಬಿಸಿಯಾದರೆ ಅಂಟು. ನಾನು ಇನ್ನೂ ಸಣ್ಣ ಹಲ್ಲು ಹುಡುಕುತ್ತಾ ಉಲ್ಟಾ ದಿಕ್ಕಿಗೆ ಹೊರಟಿದ್ದೆ.

ಅವರು ಕೊಟ್ಟದ್ದು 10 ಮಿ.ಮೀ. ಅಗಲದ, 0.36 ದಪ್ಪದ ಮಾಮೂಲಿ ಕಾರ್ಬನ್ ಬ್ಲೇಡು. ಇಂಚಿಗೆ 6 ಹಲ್ಲು, ಸ್ಕಿಪ್ ಟೂತ್, ಅಂದರೆ ನಡುನಡುವೆ ಹಲ್ಲು ಬಿಟ್ಟು ಅಗಲ ಸಂದಿ ಇರುವಂಥದ್ದು. ಒಂಬತ್ತು ಹಲ್ಲು ಮಾತ್ರ ಕೊಂಬಿನೊಳಗಿರುತ್ತವೆ, ಒಂದೊಂದರ ಮುಂದೆಯೂ ಧಾರಾಳ ಜಾಗ. ಟೇಬಲ್ ಮೇಲೆ ಬಿದ್ದದ್ದು ಪುಡಿಯಲ್ಲ, ಕೊಬ್ಬರಿ ತುರಿಯ ಹಾಗೆ ಸಣ್ಣ ಸಣ್ಣ ಸುರುಳಿ, ಕಪ್ಪು ಬಣ್ಣದ್ದು. ಮುಟ್ಟಿದರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಕೊಯ್ದ ಮುಖ ತರಿತರಿ ನಿಜ, ಆದರೆ ಹೇಗೂ ಉಜ್ಜಲೇಬೇಕಲ್ಲ.

ಗೆದ್ದೆ ಅಂತ ಅದೇ ಜೋಶಿನಲ್ಲಿ ಕೊಂಬಿನ ಪೊಳ್ಳು ಬುಡ ತಳ್ಳಿದೆ ನೋಡಿ, ಧಡ್! ಅಲ್ಲಿ ಗೋಡೆ 7 ಮಿ.ಮೀ. ದಪ್ಪ, ಹಲ್ಲಿನಿಂದ ಹಲ್ಲಿಗೆ 4.2. ಎರಡು ಹಲ್ಲೂ ಕೊಂಬಿನೊಳಗಿಲ್ಲ. ಕನಿಷ್ಠ ಮೂರಿರಬೇಕು ಅನ್ನುವ ನಿಯಮ ನನಗೂ ಗೊತ್ತಿತ್ತು, ಖುಷಿಯಲ್ಲಿ ಮರೆತಿದ್ದೆ. ಜೊತೆಗೆ ದುಂಡಗಿನ ವಸ್ತು. ಬ್ಲೇಡು ಕಚ್ಚಿಕೊಂಡು ಕೊಂಬನ್ನು ತಿರುಗಿಸಿ ನನ್ನ ಬೆರಳನ್ನೂ ಎಳೆಯಿತು. ಉಗುರಿನ ಅಂಚು ಹೋಯಿತು, ಬೆರಳು ಉಳಿಯಿತು. ಬ್ಲೇಡು ಮುರಿಯಲಿಲ್ಲ, ಸೊಟ್ಟಗಾಯಿತು.

ಈಗ ಪೊಳ್ಳು ಭಾಗವನ್ನು ಹ್ಯಾಕ್ಸಾದಲ್ಲಿ ಕೈಯಲ್ಲೇ ಸೀಳಿ, ಕಾಯಿಸಿ ಚಪ್ಪಟೆ ಮಾಡಿ, ಆಮೇಲೆ 18 ಮಿ.ಮೀ. ಪ್ಲೈವುಡ್ ತುಂಡಿಗೆ ಡಬಲ್ ಟೇಪಿನಲ್ಲಿ ಅಂಟಿಸಿ ಕೊಯ್ಯುತ್ತಿದ್ದೇನೆ. ಪ್ಲೈ ಸೇರಿದರೆ ಐದಾರು ಹಲ್ಲು ಒಳಗಿರುತ್ತವೆ. ಗಟ್ಟಿ ತುದಿಯನ್ನೂ ಬರಿಗೈಯಲ್ಲಿ ಹಿಡಿಯುವುದಿಲ್ಲ, ವಿ ಆಕಾರದ ಮರದ ತೊಟ್ಟಿಲು ಮಾಡಿಕೊಂಡಿದ್ದೇನೆ.

ಎಲುಬಿನ ಕಥೆ ಬೇರೆ. ಅದು ಕರಗುವುದಿಲ್ಲ, ಚೂರು ಏಳುತ್ತದೆ, ಕಾರ್ಬನ್ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಅದಕ್ಕೆ 10 ಹಲ್ಲಿನದು ತೆಗೆದಿಟ್ಟಿದ್ದೇನೆ. ಎಲುಬಿನ ಪುಡಿ ತುಂಬಾ ನುಣ್ಣಗೆ. ಮೂಗಿಗೆ ಕರ್ಚೀಫು ಕಟ್ಟಿದರೆ ಸಾಲದು, ಎನ್95 ಮಾಸ್ಕು, ವ್ಯಾಕ್ಯೂಮ್ ಎರಡೂ ಬೇಕು.

ಎಲುಬು ಯಾಕೆ ಅಂದರೆ ತಂಬೂರಿ. ಅತ್ತೆಯ ಮನೆಯಲ್ಲಿ ಮಿರಜಿನ ಹಳೇ ತಂಬೂರಿಯೊಂದಿದೆ, ಅದರ ಕುದುರೆ (ತಂತಿಗಳು ಹಾದುಹೋಗುವ ಸೇತುವೆ) ಸವೆದು ತಂತಿ ಬರೀ ಟಿಣ್ ಅನ್ನುತ್ತದೆ. ಕುದುರೆಯ ಮೇಲ್ಮೈಯ ಬಾಗು ಕೂದಲೆಳೆಯಷ್ಟು ಸರಿ ಕೂತರೆ ಮಾತ್ರ ತಂತಿಗೂ ಕುದುರೆಗೂ ನಡುವೆ ಇಡುವ ಜೀವಾಳದ ದಾರ ಸರಿಸಿದಾಗ ಝೇಂಕಾರ ಬರುವುದು. ಒಂಟೆ ಎಲುಬಿನಲ್ಲಿ ಮೇಲ್ಪಟ್ಟಿ ಮಾಡುವ ಯೋಚನೆ. ಹಿಂದೆ ಜಿಂಕೆ ಕೊಂಬನ್ನೂ ಹಾಕುತ್ತಿದ್ದರು. ಕೊಡಗಿನ ಗೆಳೆಯನೊಬ್ಬ, "ತಾತನ ಮನೆ ಅಟ್ಟದಲ್ಲಿ ಒಂದಿದೆ, ತಾನಾಗೇ ಉದುರಿದ್ದು, ಬೇಕಾ?" ಅಂದ. ಬೇಡಪ್ಪಾ. 1972ರ ವನ್ಯಜೀವಿ ಕಾಯ್ದೆಗೆ ಉದುರಿದ್ದೂ ಒಂದೇ, ಕಡಿದದ್ದೂ ಒಂದೇ. 2023ರ ಹುಲಿ ಉಗುರಿನ ಗಲಾಟೆ ನೋಡಿದ ಮೇಲಂತೂ ಮಾತಿಗೂ ಎತ್ತಬಾರದು. ನಮಗೆ ಕೋಣ, ಒಂಟೆಗಳೇ ಗತಿ.

ನಾಲ್ಕೂ ಪಟ್ಟಿ ಈಗ ಸೊಟ್ಟಗಾಗದಿರಲಿ ಅಂತ ರುಬ್ಬುವ ಕಲ್ಲಿನಡಿ ಮಲಗಿವೆ. ಪೀಣ್ಯಕ್ಕೆ ಇನ್ನೆರಡು ಬ್ಲೇಡಿಗೆ ಹೇಳಿ ಬಂದಿದ್ದೇನೆ. ಈ ಸಲ 1400 ಅಂತ ಚೀಟಿಯಲ್ಲಿ ಬರೆದು ಕೊಟ್ಟೆ, ಚೀಟಿಯ ಫೋಟೋನೂ ತೆಗೆದಿಟ್ಟುಕೊಂಡಿದ್ದೇನೆ.