ಬೆಲ್ಜಿಯನ್ ಏಲ್, ಬೆಂಗಳೂರು ಸೆಖೆ, ಮತ್ತೆ ಯೀಸ್ಟ್ ವಿಷ್ಯ

ಬೆಲ್ಜಿಯನ್ ಏಲ್‌ಗೆ (ಬೆಲ್ಜಿಯಂ ಶೈಲಿಯ ಬಿಯರ್) ಯಾವ ಯೀಸ್ಟ್ ತಗೊಳ್ಲಿ ಅಂತ ಮನೇಲೇ ಬಿಯರ್ ಮಾಡೋ ಗೆಳೆಯರು ಕೇಳಿದಾಗೆಲ್ಲ ನಾನು ವಾಪಸ್ ಕೇಳೋದು ಒಂದೇ, ಫರ್ಮೆಂಟರ್ (ಬಿಯರ್ ಹುದುಗೋ ಪಾತ್ರೆ) ಇಡೋ ರೂಮಲ್ಲಿ ಎಷ್ಟು ಡಿಗ್ರಿ ಇರುತ್ತೆ? ಯಾಕಂದ್ರೆ ಈ ಬಿಯರ್‌ಗಳಲ್ಲಿ ಬರೋ ಲವಂಗ, ಮೆಣಸಿನ ಘಾಟು ಫಿನಾಲ್‌ದು, ಬಾಳೆಹಣ್ಣಿನ ವಾಸನೆ ಎಸ್ಟರ್‌ದು, ಎರಡನ್ನೂ ಮಾಡೋದು ಯೀಸ್ಟೇ, ಎಷ್ಟೆಷ್ಟು ಮಾಡುತ್ತೆ ಅನ್ನೋದು ಬಿಸಿ ಮೇಲೂ ಇದೆ.

ಇದಕ್ಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ ಬೆಲ್ಜಿಯಂನಲ್ಲಿ ಬಿಯರ್ ಮಾಡೋ ವೆಸ್ಟ್‌ವ್ಲೆಟೆರೆನ್ ಮಠದ್ದು. ಅಲ್ಲಿಯ ಸನ್ಯಾಸಿಗಳು ಯೀಸ್ಟ್ ತರಿಸ್ಕೊಳ್ಳೋದು ವೆಸ್ಟ್‌ಮಾಲೆ ಮಠದಿಂದ, ಆದ್ರೆ ವೆಸ್ಟ್‌ಮಾಲೆಯವರು 20 ಡಿಗ್ರಿ ಆಸುಪಾಸಲ್ಲೇ ಹಿಡಿದಿಟ್ರೆ ಇವರು 28ರ ತನಕ ಏರೋಕೆ ಬಿಡ್ತಾರೆ. ಯೀಸ್ಟ್ ಒಂದೇ, ಬಿಯರ್ ಬೇರೆ ಬೇರೆ!

ಹಾಗಂತ ಏಪ್ರಿಲ್‌ನಲ್ಲಿ ಹೊರಗೆ 34-35 ಇರುವಾಗ ಸುಮ್ನೆ ಮೂಲೆಲಿಟ್ಟು ಬಿಡಬೇಡಿ. ದೋಸೆ ಹಿಟ್ಟು ಬೇಸಿಗೇಲಿ ಬೇಗ ಉಕ್ಕಿ ಹುಳಿಯಾಗೋ ಹಾಗೆ ಇದೂ ಕೈಮೀರುತ್ತೆ, ಅದ್ರಲ್ಲೂ ಹುದುಗುವಾಗ ಒಳಗಡೆ ರೂಮಿಗಿಂತ ಎರಡು ಮೂರು ಡಿಗ್ರಿ ಜಾಸ್ತಿನೇ ಇರುತ್ತೆ, ಶುರುವಲ್ಲೇ ಬಿಸಿ ಆದ್ರೆ ನೇಲ್ ಪಾಲಿಶ್ ರಿಮೂವರ್ ಥರ ವಾಸನೆ ಕೂತುಬಿಡುತ್ತೆ, ಆಮೇಲೆ ಹೋಗಲ್ಲ. ಮೊದಲ ಎರಡು ದಿನ 18-20ರಲ್ಲಿ ಹಿಡೀಬೇಕು. ದೊಡ್ಡ ಟಬ್‌ನಲ್ಲಿ ನೀರು, ಅದ್ರಲ್ಲಿ ಫರ್ಮೆಂಟರ್, ಮೇಲೆ ಒದ್ದೆ ಟವೆಲ್, ಬೆಳಿಗ್ಗೆ ಸಂಜೆ ಐಸ್ ಗಟ್ಟಿಯಾದ ನೀರಿನ ಬಾಟಲಿ, ಇಷ್ಟು ಸಾಕು. ಮೂರನೇ ದಿನದಿಂದ ಐಸ್ ನಿಲ್ಲಿಸಿ ನಿಧಾನಕ್ಕೆ 24-25ಕ್ಕೆ ಏರೋಕೆ ಬಿಡಿ, ಬೇಸಿಗೇಲಿ ಒದ್ದೆ ಟವೆಲ್ ಮಾತ್ರ ಇರ್ಲಿ. ಡಿಸೆಂಬರ್, ಜನವರೀಲಿ ಮಾಡಿದ್ರೆ ಅರ್ಧ ಕೆಲಸ ನಮ್ಮೂರ ಚಳಿನೇ ಮಾಡ್ಕೊಡುತ್ತೆ.

ಲಿಕ್ವಿಡ್ ಯೀಸ್ಟ್‌ನಲ್ಲಿ ವೈವಿಧ್ಯ ಜಾಸ್ತಿ, ಒಪ್ತೀನಿ, ಆದ್ರೆ ಬಿಸಿಲಲ್ಲಿ ಕೊರಿಯರ್ ವ್ಯಾನ್‌ನಲ್ಲಿ ಬೆಂದು ಬಂದ್ರೆ ಏನು ಉಳಿದಿರುತ್ತೆ? ಅದಕ್ಕೇ ನನ್ನ ಓಟು ಡ್ರೈ ಯೀಸ್ಟ್‌ಗೆ. ಮಸಾಲೆ ಘಾಟು ಬೇಕಂದ್ರೆ ಸಾಫ್‌ಏಲ್ ಟಿ-58, ಡಬ್ಬೆಲ್ (ಕಂದು ಬಣ್ಣದ್ದು), ಟ್ರಿಪೆಲ್ (ಹೊಂಬಣ್ಣದ್ದು) ಥರ ಸ್ಟ್ರಾಂಗ್ ಬಿಯರ್ ಬೇಕಂದ್ರೆ ಬಿಇ-256 ಇಲ್ಲಾ ಲಾಲ್‌ಬ್ರೂ ಅಬೇ. ಗ್ರಾವಿಟಿ (ದ್ರವದಲ್ಲಿ ಸಕ್ಕರೆ ಎಷ್ಟಿದೆ ಅನ್ನೋ ಅಳತೆ) 1.080 ಇರೋ 20 ಲೀಟರ್‌ಗೆ 11 ಇಲ್ಲಾ 11.5 ಗ್ರಾಮ್‌ದು ಎರಡು ಪ್ಯಾಕೆಟ್ ಹಾಕಿ, ಅಲ್ಲಿ ಜಿಪುಣತನ ಬೇಡ. ಟ್ರಿಪೆಲ್‌ಗೆ ಇಂಪೋರ್ಟೆಡ್ ಕ್ಯಾಂಡಿ ಶುಗರ್ ಹುಡುಕ್ಕೊಂಡು ಅಲೀಬೇಡಿ, ಮನೆ ಸಕ್ಕರೆನೇ ನಡೆಯುತ್ತೆ. ಬೆಲ್ಲ ಹಾಕಿದ್ರೆ ಅದರದ್ದೇ ರುಚಿ ಬರುತ್ತೆ, ಅದು ಡಬ್ಬೆಲ್‌ಗೆ ಸರಿ.

ಬೆಲ್ ಸೈಸೊನ್ ಯೀಸ್ಟ್ ಬಗ್ಗೆ ಮಾತ್ರ ಸೀರಿಯಸ್ಸಾಗಿ ಹೇಳ್ತೀನಿ. ಸೆಖೆಗೆ ಹೇಳಿ ಮಾಡಿಸಿದ ಹಾಗಿದೆ, 30 ಡಿಗ್ರಿ ಆದ್ರೂ ಚೆನ್ನಾಗೇ ಕೆಲಸ ಮಾಡುತ್ತೆ, ಆದ್ರೆ ಇದು ಡಯಾಸ್ಟಾಟಿಕಸ್ ಜಾತಿ, ಬೇರೆ ಯೀಸ್ಟ್ ತಿನ್ನದ ಡೆಕ್ಸ್‌ಟ್ರಿನ್ ಅನ್ನೋ ಪಿಷ್ಟದ ತುಣುಕನ್ನೂ ಸಕ್ಕರೆ ಮಾಡ್ಕೊಂಡು ತಿಂತಾನೇ ಇರುತ್ತೆ. ಗ್ರಾವಿಟಿ ಪೂರ್ತಿ ನಿಂತಿದ್ಯಾ ಅಂತ ಕೆಲವು ದಿನ ಬಿಟ್ಟು ಮತ್ತೆ ನೋಡಿ ಆಮೇಲೆ ಬಾಟಲಿಗೆ ಹಾಕಿ, ಇಲ್ಲಾಂದ್ರೆ ಬಾಟಲಿ ಸಿಡಿಯುತ್ತೆ. ಇದಕ್ಕೆ ಬಳಸಿದ ಪೈಪು, ನಲ್ಲಿ ಎಲ್ಲಾ ಬೇರೆನೇ ಇಟ್ಕೊಳ್ಳಿ, ಒಂದು ಹನಿ ಉಳಿದ್ರೂ ಮುಂದಿನ ಬ್ಯಾಚ್‌ಗೆ ಸೇರ್ಕೊಳ್ಳುತ್ತೆ.