ಆಶ್‌ಲ್ಯಾಂಡ್ ರಸ್ತೆಯ ಆಚೆ

ಭಾನುವಾರ, 17 ಆಗಸ್ಟ್ 2025
ನೇಪರ್‌ವಿಲ್, ಇಲಿನಾಯ್

ನಿನ್ನೆ ಕೃಷ್ಣಾಷ್ಟಮಿ ಊಟಕ್ಕೆ ಮನೆಯಲ್ಲಿ ಹನ್ನೆರಡು ಜನ. ಚಕ್ಕುಲಿ ಖಾಲಿ, ಡಬ್ಬಿಯ ತಳದಲ್ಲಿ ಬರೀ ಪುಡಿ. ಊಟ ಮುಗಿದು ಎರಡು ಗಂಟೆಯಾದರೂ ಯಾರೂ ಏಳಲಿಲ್ಲ. ಅಷ್ಟು ಜೋರಾಗಿ ವಾದ ಹತ್ತಿಕೊಂಡಿತ್ತು. ಅಮೆರಿಕದಲ್ಲಿ ಎಲ್ಲಕ್ಕಿಂತ ಡೇಂಜರ್ ಏರಿಯಾ ಯಾವುದು?

ಕಡ್ಡಿ ಗೀರಿದವರು ಭಾವ. ಮೈಸೂರಿನಿಂದ ಬಂದು ಒಂದೂವರೆ ತಿಂಗಳಾಯಿತು. ಟಿವಿಯಲ್ಲಿ ವಾಷಿಂಗ್ಟನ್ನಿನ ಬೀದಿಗಳಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಓಡಾಡುವುದನ್ನು ತೋರಿಸುತ್ತಿದ್ದರು. 11ನೇ ತಾರೀಕು ಟ್ರಂಪ್ ಅಲ್ಲಿನ ಪೊಲೀಸರನ್ನು ತಮ್ಮ ಕೈಗೆ ತೆಗೆದುಕೊಂಡರಲ್ಲ, ಅವತ್ತೇ ನಮ್ಮ ಪಕ್ಕದ ಷಿಕಾಗೋ ಹೆಸರನ್ನೂ ಎತ್ತಿದ್ದರು. ಭಾವನಿಗೆ ಅಷ್ಟು ಸಾಕಾಯಿತು. ಕಾರಿನ ಮುಂದೆ ಕ್ಯಾಮೆರಾ ಕಟ್ಟಿಕೊಂಡು ಕೆಟ್ಟ ಏರಿಯಾಗಳಲ್ಲಿ ಸುತ್ತುವ ಯೂಟ್ಯೂಬ್ ವಿಡಿಯೋಗಳನ್ನು ಅವರು ಧಾರಾವಾಹಿ ತರಹ ನೋಡುತ್ತಾರೆ.

ಅವರ ಓಟು ಫಿಲಡೆಲ್ಫಿಯಾದ ಕೆನ್ಸಿಂಗ್ಟನ್‌ಗೆ. ಮೇಲೆ ರೈಲು ಹಳಿ, ಕೆಳಗೆ ಸೊಂಟ ಮುರಿದ ಗೊಂಬೆಗಳ ಹಾಗೆ ಬಗ್ಗಿ ನಿಂತ ಜನ. ಫೆಂಟನಿಲ್ ಅನ್ನುವ ಮಾದಕ ವಸ್ತುವಿನ ಜೊತೆಗೆ ದನ, ಕುದುರೆಗಳಿಗೆ ಕೊಡುವ ಮತ್ತಿನ ಔಷಧಿ ಸೈಲಜೀನ್ ಬೆರೆಸಿ ಮಾರುತ್ತಿದ್ದರು ಅಲ್ಲಿ. ಅದರಿಂದ ಮೈಮೇಲೆ ಆಗುವ ಗಾಯ ಬೇಗ ವಾಸಿಯಾಗುವುದಿಲ್ಲ. ನೋಡಿದರೆ ಭಯ ಆಗುತ್ತದೆ, ನಿಜ. ಆದರೆ ಅಲ್ಲಿ ಹೆಚ್ಚಾಗಿ ಸಾಯುವುದು ಬಗ್ಗಿ ನಿಂತವರೇ. ಕಾರಲ್ಲಿ ಕೂತು ವಿಡಿಯೋ ಮಾಡಿದವನು ಸುಖವಾಗಿ ಮನೆಗೆ ಹೋಗುತ್ತಾನೆ.

ಇನ್ನೊಬ್ಬರು ಸೇಂಟ್ ಲೂಯಿಸ್ ಅಂದರು. ಆಫೀಸ್ ಪ್ರಾಜೆಕ್ಟಿಗೆ ಎರಡು ವರ್ಷ ಅಲ್ಲಿದ್ದು ಬಂದವರು. "ನಾನೇ ಇದ್ದೆ ಸ್ವಾಮಿ, ದೇವರ ದಯ, ಏನೂ ಆಗಲಿಲ್ಲ." ಎಲ್ಲಿದ್ದಿರಿ ಅಂದರೆ ಚೆಸ್ಟರ್‌ಫೀಲ್ಡ್ ಅಂತೆ! ನಗು ತಡೆಯಲಾಗಲಿಲ್ಲ. ಚೆಸ್ಟರ್‌ಫೀಲ್ಡ್ ಹೊರವಲಯದ ಬೇರೆಯೇ ಊರು, ಸೇಂಟ್ ಲೂಯಿಸ್ ನಗರದ ಲೆಕ್ಕದಲ್ಲೇ ಇಲ್ಲ.

ಇದು ತಮಾಷೆಯ ಕಥೆ. 1876ರಲ್ಲಿ ಸೇಂಟ್ ಲೂಯಿಸ್ ನಗರ ತನ್ನ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥದ್ದರಿಂದ, ಬೇರೆಯಾಯಿತು. ಹಳ್ಳಿಗಳ ಖರ್ಚು ನಾವ್ಯಾಕೆ ಹೊರಬೇಕು ಅನ್ನುವ ಲೆಕ್ಕಾಚಾರ. ಗಡಿ ಅಲ್ಲಿಗೇ ನಿಂತುಬಿಟ್ಟಿತು. ಆಮೇಲೆ ಬೆಳೆದದ್ದೆಲ್ಲ ಗಡಿಯ ಆಚೆ, ಅನುಕೂಲಸ್ಥರು ಹೋಗಿ ಮನೆ ಕಟ್ಟಿದ್ದೂ ಆಚೆ. 1950ರಲ್ಲಿ ನಗರದಲ್ಲಿ ಎಂಟೂವರೆ ಲಕ್ಷ ಜನ ಇದ್ದರು, 2020ರಲ್ಲಿ ಮೂರು ಲಕ್ಷ. ಆ ವರ್ಷ 263 ಕೊಲೆ. ಲಕ್ಷ ಜನಕ್ಕೆ ಸುಮಾರು 87. ಕೇಳಿದರೆ ಎದೆ ಝಲ್ ಅನ್ನುತ್ತದೆ. ಕೌಂಟಿಯ ಹತ್ತು ಲಕ್ಷ ಜನರನ್ನು ಸೇರಿಸಿ ಲೆಕ್ಕ ಹಾಕಿದರೆ ದರ ಎಷ್ಟೋ ಇಳಿಯುತ್ತದೆ. ಫ್ಲಾರಿಡಾದ ಜಾಕ್ಸನ್‌ವಿಲ್ 1968ರಲ್ಲಿ ಇದರ ತಿರುವುಮುರುವು ಮಾಡಿ, ಕೌಂಟಿಯನ್ನೇ ನುಂಗಿ 750 ಚದರ ಮೈಲಿಯ ಊರಾಯಿತು. ಸೇಂಟ್ ಲೂಯಿಸ್ 62 ಚದರ ಮೈಲಿ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಕೂರಿಸುತ್ತಾರೆ.

ಭಾವನಿಗೆ ಹೀಗೆ ಹೇಳಿದೆ. ಬೆಂಗಳೂರು ಅಂದರೆ ಬರೀ ಚಿಕ್ಕಪೇಟೆ, ಕಲಾಸಿಪಾಳ್ಯ, ಮೆಜೆಸ್ಟಿಕ್ ಅಂದುಕೊಳ್ಳಿ. ಜಯನಗರ, ಮಲ್ಲೇಶ್ವರ, ವೈಟ್‌ಫೀಲ್ಡ್ ಯಾವುದೂ ಲೆಕ್ಕಕ್ಕಿಲ್ಲ. ಮೆಜೆಸ್ಟಿಕ್‌ನಲ್ಲಿ ಜೇಬು ಕತ್ತರಿಸಿಕೊಂಡ ಮಂಡ್ಯದವನ ಕೇಸು ಸೇರಿಸಿ, ಆದರೆ ಅದನ್ನು ರಾತ್ರಿ ಅಲ್ಲೇ ಮಲಗುವವರ ಸಂಖ್ಯೆಯಿಂದ ಭಾಗಿಸಿ. ಬೆಂಗಳೂರು ಕಳ್ಳರ ರಾಜಧಾನಿ ಆಗುತ್ತದೆ. ಎಫ್‌ಬಿಐ ಕೂಡ ತನ್ನ ಅಂಕಿಅಂಶದ ಜೊತೆಗೇ, ಇದನ್ನಿಟ್ಟುಕೊಂಡು ಊರುಗಳಿಗೆ ರ‍್ಯಾಂಕ್ ಕೊಡಬೇಡಿ ಅಂತ ಎಚ್ಚರಿಕೆ ಹಾಕುತ್ತದೆ. ಅದನ್ನು ಓದುವವರು ಯಾರು?

"ಹಾಗಾದರೆ ಊರು ಬಿಡಮ್ಮ, ಏರಿಯಾ ಹೇಳು" ಅಂದರು ಭಾವ.

ಏರಿಯಾ ಅಂದರೂ ಕಥೆ ಅದೇ. ಸಿನ್ಸಿನಾಟಿಯಲ್ಲಿ ಓವರ್-ದ-ರೈನ್ ಅಂತ ಒಂದು ಬಡಾವಣೆ ಇದೆ. ಜರ್ಮನ್ನರು ಕಟ್ಟಿದ ಹಳೇ ಇಟ್ಟಿಗೆ ಮನೆಗಳು. 2001ರಲ್ಲಿ ಪೊಲೀಸ್ ಗುಂಡಿಗೆ ಒಬ್ಬ ಕಪ್ಪು ಯುವಕ ಸತ್ತು ಅಲ್ಲಿ ದೊಡ್ಡ ಗಲಭೆ ಆಗಿತ್ತು. 2009ರಲ್ಲಿ ಸುದ್ದಿಯಾದ ಒಂದು ಪಟ್ಟಿಯಲ್ಲಿ ಅದರ ಒಂದು ಭಾಗ ಇಡೀ ದೇಶಕ್ಕೇ ನಂಬರ್ ಒನ್ ಡೇಂಜರ್. ನಾವು 2019ರಲ್ಲಿ ಹೋದಾಗ ಅಲ್ಲಿ ಫಿಂಡ್ಲೇ ಮಾರ್ಕೆಟ್ಟಿನಲ್ಲಿ ಐಸ್‌ಕ್ರೀಮಿಗೆ ಕ್ಯೂ ನಿಂತಿದ್ದೆವು. ಟ್ರಾಮ್ ಓಡುತ್ತಿತ್ತು, ಮಕ್ಕಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ಅಪ್ಪಂದಿರು ಓಡಾಡುತ್ತಿದ್ದರು. ಬಾಡಿಗೆ ಏರಿ, ಮೊದಲಿದ್ದ ಬಡವರಲ್ಲಿ ಎಷ್ಟೋ ಜನ ಜಾಗ ಖಾಲಿ ಮಾಡಿದ್ದರು. ಆ ಪಟ್ಟಿಗೆ ಇದೂ ಒಂದು ಉತ್ತರ, ಆದರೆ ಖುಷಿ ಪಡುವಂಥ ಉತ್ತರ ಅಲ್ಲ.

ವಾದದ ನಡುವೆ ನನಗೆ ಮಜಾ ಅನ್ನಿಸಿದ್ದು ಬೆರಳುಗಳು. ನಮ್ಮ ನೇಪರ್‌ವಿಲ್‌ನ ಒಬ್ಬರು ಪಕ್ಕದ ಅರೋರಾ ಕಡೆ ಬೆರಳು ತೋರಿಸಿದರು, "ಅದರ ಪೂರ್ವ ಭಾಗ ಸರಿ ಇಲ್ಲ" ಅಂತ. ಅರೋರಾದಿಂದ ಬಂದಿದ್ದ ದಂಪತಿಗೆ ಸಿಟ್ಟು ಬಂತು. ಬಾಲಾಜಿ ದೇವಸ್ಥಾನ ಇರುವ ಊರು ಅದು! 2012ರಲ್ಲಿ ಇಡೀ ವರ್ಷ ಅಲ್ಲಿ ಒಂದು ಕೊಲೆಯೂ ಆಗಿರಲಿಲ್ಲ. ಅದನ್ನು ಹೇಳಿದ ಬಾಯಲ್ಲೇ ಆಕೆ, "ಡೇಂಜರ್ ಅಂದರೆ ಷಿಕಾಗೋ" ಅಂದರು. ಷಿಕಾಗೋ ಉತ್ತರ ಭಾಗದಲ್ಲಿರುವ ನಮ್ಮ ಮಗನ ಗೆಳೆಯ, "ಆಂಟಿ, ಷಿಕಾಗೋ ಅಲ್ಲ, ಸೌತ್ ಸೈಡ್" ಅಂತ ತಿದ್ದಿದ. ಹೀಗೆ ಬೆರಳು ಮುಂದೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

ಯಾಕೆಂದರೆ ಸೌತ್ ಸೈಡಿನ ಎಂಗಲ್‌ವುಡ್ ನನ್ನ ಕೆಲಸದ ಜಾಗ. ಮಂಡಿ, ಸೊಂಟದ ಆಪರೇಷನ್ ಆದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ನಾನು. ಎಂಟು ವರ್ಷವಾಯಿತು.

"ಹೆದರಿಕೆ ಆಗಲ್ವೇನಮ್ಮ?" ಅಂದರು ಭಾವ.

ಆಗಲ್ಲ ಅಂದರೆ ಸುಳ್ಳು. 2021ರ ಬೇಸಿಗೆ. ಆ ವರ್ಷ ಷಿಕಾಗೋದಲ್ಲಿ ಸುಮಾರು 800 ಕೊಲೆ ಆದವು, ಎರಡು ದಶಕಕ್ಕೂ ಮೀರಿ ಅಷ್ಟಾಗಿರಲಿಲ್ಲ. ಒಬ್ಬ ಅಜ್ಜಿಗೆ ಕುರ್ಚಿ ಹಿಡಿದು ಮಂಡಿ ಬಗ್ಗಿಸುವುದನ್ನು ಹೇಳಿಕೊಡುತ್ತಿದ್ದೆ. ಆರನೇ ಸಲ ಬಗ್ಗಿದಾಗ ಹೊರಗೆ ಪಟ್ ಪಟ್ ಪಟ್ ಅಂತ ಮೂರೋ ನಾಲ್ಕೋ ಶಬ್ದ. ನನ್ನ ಕೈ ಅವರ ಸೊಂಟದ ಬೆಲ್ಟಿನ ಮೇಲೆ ಹಾಗೇ ಬಿಗಿಯಾಯಿತು. ಅಜ್ಜಿ ಕಿಟಕಿ ಕಡೆ ನೋಡಲೂ ಇಲ್ಲ. "ಪಟಾಕಿ ಅಲ್ಲ ಬೇಬಿ, ಈ ಕಡೆ ಗೋಡೆಗೆ ಬಾ" ಅಂದು ವಾಕರ್ ಸಮೇತ ಎರಡು ಹೆಜ್ಜೆ ಸರಿದರು. ಆಮೇಲೆ ತಾವೇ ಎಣಿಸಿದರು: "ಏಳು. ಎಂಟು."

ಅವತ್ತು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಬಿಡಿಸುತ್ತಿದ್ದರು.

ಅಜ್ಜಿಗೆ ಈಗ 78. ಅಪ್ಪ ಅಮ್ಮನ ಜೊತೆ ಮಿಸಿಸಿಪಿಯಿಂದ ರೈಲಿನಲ್ಲಿ ಬಂದಾಗ ಏಳು ವರ್ಷವಂತೆ. ಆಗ ಎಂಗಲ್‌ವುಡ್‌ನ 63ನೇ ಬೀದಿ ಮತ್ತು ಹಾಲ್‌ಸ್ಟೆಡ್ ಸೇರುವ ಜಾಗ ಊರಿನ ಎರಡನೇ ದೊಡ್ಡ ಪೇಟೆ. ಕಪ್ಪು ಜನಕ್ಕೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಕ್ಷೆ ಮಾಡಿ ಅಂಥ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, 'ಅಪಾಯ' ಅಂತಲೇ ಗುರುತು ಹಾಕಿತ್ತು. ಡೇಂಜರ್ ಏರಿಯಾ ಪಟ್ಟಿ ಹೊಸದೇನಲ್ಲ ನೋಡಿ. ಗುಂಡು ಹಾರುವ ಎಷ್ಟೋ ವರ್ಷ ಮೊದಲೇ ತಯಾರಾಗಿತ್ತು. ಅಜ್ಜಿಯ ಅಪ್ಪ ಕಂತಿನ ಕರಾರಿನ ಮೇಲೆ ಮನೆ ಕೊಂಡರು. ಒಂದು ಕಂತು ತಪ್ಪಿದರೂ ಕಟ್ಟಿದ ದುಡ್ಡೆಲ್ಲ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು. ಅಪ್ಪ ಎರಡು ಕಡೆ ಕೆಲಸ ಮಾಡಿ ಉಳಿಸಿಕೊಂಡರಂತೆ. ಆಜುಬಾಜಿನವರಿಗೆ ಆಗಲಿಲ್ಲ. 1960ರಲ್ಲಿ ಅಲ್ಲಿ ಸುಮಾರು 97 ಸಾವಿರ ಜನ, 2020ರಲ್ಲಿ 24 ಸಾವಿರ. ಒಂದು ಮನೆ, ಎರಡು ಖಾಲಿ ಸೈಟು, ಮತ್ತೊಂದು ಮನೆ. ಮುದುಕರ ಹಲ್ಲಿನ ಸಾಲಿನ ಹಾಗೆ. 2016ರಲ್ಲಿ ದೊಡ್ಡ ಸುದ್ದಿ ಮಾಡಿ ಹೋಲ್ ಫುಡ್ಸ್ ಅನ್ನುವ ದಿನಸಿ ಅಂಗಡಿ ತೆರೆಯಿತು, 2022ರಲ್ಲಿ ಮುಚ್ಚಿತು.

ಆದರೂ ಎಂಗಲ್‌ವುಡ್ ಅನ್ನುವ ಒಂದೇ ಹೆಸರಿನೊಳಗೆ ಎಷ್ಟು ಊರಿದೆ ಅಂತ ಕಾರಿನಿಂದ ಇಳಿದರೇ ಗೊತ್ತಾಗುವುದು. ಅಜ್ಜಿಯ ಬೀದಿಯ ತುದಿಯಲ್ಲಿ ಅಲ್ಲಿನವರೇ ಸೇರಿ ಹಾಕಿಸಿದ ಬೋರ್ಡು ಇದೆ. ಬಾಲ್ ಆಡಬಾರದು. ಕಾರು ತೊಳೆಯಬಾರದು. ಜೋರಾಗಿ ಹಾಡು ಹಾಕಬಾರದು. ಗುಂಪು ಕಟ್ಟಿ ನಿಲ್ಲಬಾರದು. ಶಿವಮೊಗ್ಗದ ನಮ್ಮ ವಠಾರದ ಓನರ್ ಅಜ್ಜಿ ಬರೆಸಿದ್ದರೂ ಹೀಗೇ ಬರೆಸುತ್ತಿದ್ದರು. ಇನ್ನೆರಡು ಬೀದಿ ದಾಟಿದರೆ ಒಂದು ಮೂಲೆ ಇದೆ, ಅಲ್ಲಿ ನಾನು ಕೆಂಪು ದೀಪ ಬಿದ್ದರೂ ಬೈದುಕೊಳ್ಳುತ್ತೇನೆ. ಡೇವಿಡ್ ವೈಸ್‌ಬರ್ಡ್ ಎಂಬ ಅಪರಾಧ ತಜ್ಞರು ಸಿಯಾಟಲ್‌ನ 14 ವರ್ಷದ ದಾಖಲೆ ತೆಗೆದು ನೋಡಿದಾಗ, ಊರಿನ ಅರ್ಧ ಅಪರಾಧ ಶೇಕಡಾ ಐದರಷ್ಟು ಬೀದಿ ತುಂಡುಗಳಲ್ಲೇ ನಡೆದಿತ್ತು. ಅಜ್ಜಿಗೆ ದಾಖಲೆ ಬೇಕಿಲ್ಲ. ಯಾವ ಮೂಲೆ, ಎಷ್ಟು ಗಂಟೆ, ಯಾರ ಮೊಮ್ಮಗ ಯಾರ ಜೊತೆ ಮಾತು ಬಿಟ್ಟಿದ್ದಾನೆ, ಎಲ್ಲ ಗೊತ್ತು. ನನಗೆ ಅವರು ಕಲಿಸಿದ ಪಾಠ ಇಷ್ಟೇ: ಹನ್ನೊಂದರ ಒಳಗೆ ಬಂದು ಹೋಗು, ಬರುವ ಮುಂಚೆ ಫೋನ್ ಮಾಡು, ಕಾರು ನಿಲ್ಲಿಸಿ ಒಳಗೇ ಕೂತು ಫೋನ್ ನೋಡಬೇಡ, ಕೊರಳಿನ ಬ್ಯಾಡ್ಜ್ ಕಾಣುತ್ತಿರಲಿ.

ಇನ್ನೊಂದು ಮಾತು, ಇದನ್ನು ನಿನ್ನೆ ಸಿಟ್ಟಿನಲ್ಲೇ ಹೇಳಿದೆ. ನನ್ನ ಎಂಗಲ್‌ವುಡ್ ಪೇಷಂಟ್‌ಗಳಲ್ಲಿ ಗುಂಡು ತಗುಲಿದವರು ಬೆರಳೆಣಿಕೆ. ಶುಗರ್, ಬಿಪಿ, ಕಿಡ್ನಿ, ಕತ್ತರಿಸಿದ ಕಾಲು ಇವೇ ಜಾಸ್ತಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 2019ರಲ್ಲಿ ತೆಗೆದ ಲೆಕ್ಕದ ಪ್ರಕಾರ ಷಿಕಾಗೋದಲ್ಲೇ ಸರೋವರದ ಪಕ್ಕದ ಶ್ರೀಮಂತ ಸ್ಟ್ರೀಟರ್‌ವಿಲ್‌ನಲ್ಲಿ ಸರಾಸರಿ ಆಯುಷ್ಯ 90, ಎಂಗಲ್‌ವುಡ್‌ನಲ್ಲಿ 60. ನಡುವೆ ಒಂಬತ್ತು ಮೈಲಿ. ಇದರ ವಿಡಿಯೋ ಯಾರೂ ಮಾಡುವುದಿಲ್ಲ.

ಮಗನ ಗೆಳೆಯ ಪಾಪ ನ್ಯಾಯವಾಗಿ ಕೇಳಿದ, "ಹಾಗಂತ ಅಲ್ಲಿ ಮನೆ ಮಾಡ್ತೀರಾ ಆಂಟಿ?" ಇಲ್ಲ, ಮಾಡಲ್ಲ. ಇಲ್ಲಿ ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ನೋಡದೆ ಮಲಗುತ್ತೇನೆ. ಆ ಸುಖ ಬಿಡಲು ನನಗೂ ಮನಸ್ಸಿಲ್ಲ. ಹೇಳಿದೆ, ಎಲ್ಲರೂ ಸುಮ್ಮನಾದರು, ನಾನೂ ಕಾಫಿ ಮಾಡಲು ಎದ್ದೆ.

ಸೋಮವಾರ, 18 ಆಗಸ್ಟ್, ರಾತ್ರಿ

ಅಜ್ಜಿಗೆ ಈ ವರ್ಷ ಇನ್ನೊಂದು ಮಂಡಿಯ ಆಪರೇಷನ್ ಆಗಿದೆ. ಬೆಳಿಗ್ಗೆ ಒಂಬತ್ತೂವರೆಗೆ ಹೋದೆ. ಮಂಡಿ 110 ಡಿಗ್ರಿ ಬಗ್ಗಿತು, ಇಬ್ಬರಿಗೂ ಖುಷಿ. ಶನಿವಾರದ ವಾದ ಹೇಳಿ, ನಿಮ್ಮ ಪ್ರಕಾರ ಡೇಂಜರ್ ಏರಿಯಾ ಯಾವುದು ಅಂತ ಕೇಳಿಯೇಬಿಟ್ಟೆ. ಒಂದು ಕ್ಷಣವೂ ಯೋಚಿಸಲಿಲ್ಲ. ಕಿಟಕಿಯ ಆಚೆ, ಪಶ್ಚಿಮಕ್ಕೆ ಬೆರಳು ತೋರಿಸಿದರು.

"ಆಶ್‌ಲ್ಯಾಂಡ್ ರಸ್ತೆ ದಾಟಿದರೆ ಆಯಿತು ಬೇಬಿ. ಆ ಜನರನ್ನು ನಾನು ನಂಬಲ್ಲ. ಇನ್ನು ವೆಸ್ಟ್ ಸೈಡ್ ಅಂತೂ, ಅಯ್ಯೋ! ನೀನು ಅಲ್ಲಿಗೆಲ್ಲ ಹೋಗಬೇಡ."

ಆಶ್‌ಲ್ಯಾಂಡ್ ಅವರ ಮನೆಯಿಂದ ಒಂದು ಮೈಲಿಯೂ ಇಲ್ಲ. ನನ್ನ ಹನ್ನೊಂದು ಗಂಟೆಯ ಪೇಷಂಟ್ ಇರುವುದೇ ಅದರ ಆಚೆ. ಹೇಳಲಿಲ್ಲ.

ಹೊರಡುವಾಗ ಪಕ್ಕದ ಸೈಟಿಗೆ ಕರೆದುಕೊಂಡು ಹೋದರು. ಖಾಲಿ ಬಿದ್ದ ಸೈಟುಗಳನ್ನು ಅದೇ ಬೀದಿಯಲ್ಲಿ ಮನೆ ಇರುವವರಿಗೆ ಒಂದು ಡಾಲರಿಗೆ ಮಾರುವ ಯೋಜನೆಯನ್ನು ನಗರಸಭೆ 2014ರಲ್ಲಿ ಶುರು ಮಾಡಿತ್ತು, ಆಗ ಕೊಂಡ ಸೈಟು ಇದು. ಟೊಮೇಟೊ, ಅಗಲ ಎಲೆಯ ಕಾಲರ್ಡ್ ಸೊಪ್ಪು, ಆಳೆತ್ತರದ ಬೆಂಡೆ ಗಿಡ. ಚೀಲ ಹಿಡಿದು ಕೀಳುತ್ತಾ ನಾನು ಅಭ್ಯಾಸಬಲದಿಂದ ಒಂದೊಂದರ ತುದಿ ಮುರಿದು ನೋಡಿದೆ. ವಾಕರ್ ಮೇಲೆ ಒರಗಿ ನಿಂತಿದ್ದ ಅಜ್ಜಿಗೆ ಕೋಪ ಬಂತು.

"ಏನದು? ನನ್ನ ಗಿಡದ್ದನ್ನೇ ಪರೀಕ್ಷೆ ಮಾಡ್ತೀಯಾ?"

ರಾತ್ರಿ ಗೊಜ್ಜು ಮಾಡಿದೆ. ಭಾವ ಎರಡು ಸಲ ಬಡಿಸಿಕೊಂಡರು. ಬೆಂಡೆಕಾಯಿ ಎಲ್ಲಿ ಸಿಕ್ಕಿತು, ಇಂಡಿಯನ್ ಅಂಗಡಿಯಲ್ಲಿ ಬರೀ ಬಲಿತದ್ದೇ ಇರುತ್ತದಲ್ಲ ಅಂದರು. ಎಂಗಲ್‌ವುಡ್ ಅಂದೆ. ಕೈ ಒಂದು ಕ್ಷಣ ತಟ್ಟೆಯಲ್ಲೇ ನಿಂತಿತು.

"ನಾಳೆಯೂ ಹೋಗ್ತೀಯೇನಮ್ಮ?"

"ಇಲ್ಲ ಭಾವ, ಗುರುವಾರ."

"ಸರಿ, ಹುಷಾರು" ಅಂದರು. ಆಮೇಲೆ ಮೊಸರನ್ನಕ್ಕೂ ಸ್ವಲ್ಪ ಗೊಜ್ಜು ಕೇಳಿದರು.