ಲಾಸ್ಟ್ ಆರ್ಡರ್

ಬೆಂಗಳೂರಿನ ಬಾರ್‌ಗಳು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಬಹುದೆಂದು 2024ರಲ್ಲಿ ಸರ್ಕಾರ ಆದೇಶಿಸಿದ ಮೇಲೆ, ಯುವಜನರು ಕೆಟ್ಟೇಹೋಗುತ್ತಾರೆಂದು ಕೆಲವರೂ ನಗರದ ವ್ಯಾಪಾರ ಕುದುರುತ್ತದೆಂದು ಕೆಲವರೂ ವಾದಿಸುತ್ತಲೇ ಇದ್ದಾರೆ. ನನಗೆ ಕಾಣುವುದು ಬೇರೆಯೇ. ಕೋರಮಂಗಲದ ಪಬ್ಬುಗಳಲ್ಲಿ ಸಪ್ಲೈಯರ್ ಬಂದು ‘ಲಾಸ್ಟ್ ಆರ್ಡರ್ ಸಾರ್’ ಎಂದೊಡನೆ, ಅಲ್ಲಿಯವರೆಗೆ ಒಂದೇ ಬಿಯರ್ ಮುಂದಿಟ್ಟುಕೊಂಡು ಹರಟುತ್ತಿದ್ದ ಹುಡುಗ ಹುಡುಗಿಯರು ಎರಡೆರಡು ಪೆಗ್ ತರಿಸಿಕೊಂಡು, ದೀಪಗಳನ್ನೆಲ್ಲ ಹಾಕುವಷ್ಟರಲ್ಲಿ ಗಂಟಲಿಗೆ ಸುರಿದುಕೊಳ್ಳುತ್ತಾರೆ. ನ್ಯೂಜಿಲೆಂಡಿನಲ್ಲಿ 1917ರಿಂದ 1967ರವರೆಗೆ ಸಂಜೆ ಆರಕ್ಕೇ ಬಾರ್ ಮುಚ್ಚುವ ಕಾನೂನಿದ್ದಾಗ, ಕೆಲಸ ಬಿಟ್ಟು ಓಡಿಬಂದವರು ಮಾಡುತ್ತಿದ್ದುದೂ ಇದನ್ನೇ. ಹಾಗೆಂದು ಮುಚ್ಚುವ ವೇಳೆಯೇ ಬೇಡವೆನ್ನಲಾರೆ. ಅಕ್ಕಪಕ್ಕದ ಮನೆಯವರಿಗೂ ನಿದ್ದೆ ಬೇಕು (ಇಂದಿರಾನಗರದವರನ್ನು ಕೇಳಿ ನೋಡಿ). ಆದರೆ ಬಾರ್‌ಗೆ ಒಂದು ಗಂಟೆಯವರೆಗೆ ಅವಕಾಶ ಕೊಟ್ಟು ಮೆಟ್ರೊವನ್ನು ಹನ್ನೊಂದರ ಆಸುಪಾಸಿಗೇ ನಿಲ್ಲಿಸಿದರೆ, ಆಟೊದವರು ಕೇಳಿದಷ್ಟು ಕೊಡಲಾಗದ ಹುಡುಗ ಬೈಕಿನ ಕೀಲಿಗೆ ಕೈಹಾಕುತ್ತಾನೆ. ಕುಡಿಯುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡನ್ನು 2023ರಲ್ಲಿ ಜನರ ವಿರೋಧಕ್ಕೆ ಮಣಿದು ಕೈಬಿಡಲಾಯಿತು. ಅಂದು ಅಷ್ಟು ಗಟ್ಟಿಯಾಗಿ ಕೇಳಿಬಂದ ದನಿ, ನಡುರಾತ್ರಿಯ ಬಸ್ಸಿನ ವಿಷಯಕ್ಕೆ ಬಂದಾಗ ನನಗಂತೂ ಕೇಳಿಸಿಲ್ಲ.